ರೇಡಿಯೋ ಕೋಣೆಯ ಹಲ್ಲಿ

ಹೊರಗಿನ ಗಲಾಟೆ ಒಳಗೆ ಬರಬಾರದು ಅಂತ ಸಮುದಾಯ ರೇಡಿಯೋದವರು ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆಸಿದರು. ಒಳಗೊಂದು ಹಲ್ಲಿ ಉಳಿದುಬಿಟ್ಟಿತು. ಬಾಗಿಲ ಹತ್ತಿರ ಹೋದರೆ ಪೊರಕೆ ಏಟು. ಎಷ್ಟು ಲೊಚಗುಟ್ಟಿದರೂ ಹೊರಗಿನ ಹಲ್ಲಿಗಳಿಂದ ಉತ್ತರವಿಲ್ಲ.

"ಮೈಕಣ್ಣಾ, ಊರವರ ಮಾತೆಲ್ಲ ಊರಿಗೆ ಮುಟ್ಟಿಸ್ತೀಯ. ನಂದೂ ಒಂದು ಮುಟ್ಟಿಸು" ಎಂದಿತು ಹಲ್ಲಿ.

"ಇಲ್ಲಿ ಮಾತಾಡೋಕೆ ಒಂದು ಸಂಘ ಇರಬೇಕು. ನಿನ್ನ ಹತ್ತಿರ ಬಾಲವೇ ನಿಲ್ಲಲ್ಲ, ಸಂಘ ಎಲ್ಲಿ ನಿಲ್ಲುತ್ತೆ?" ಎಂದು ಮೈಕು ನಕ್ಕಿತು.

ಅಷ್ಟರಲ್ಲಿ ಮಹಿಳಾ ಸಂಘದ ಪುಟ್ಟನಂಜಮ್ಮ ಬಂದು ಕೂತು, "ನಾಳೆ ಕಣ್ಣಿನ ಪರೀಕ್ಷೆ, ಪುಕ್ಕಟೆ. ಹೋದ ಸಲ ಒಬ್ಬರೂ ಬರಲಿಲ್ಲ. ಸುಳ್ಳಲ್ಲ ಕಣ್ರಪ್ಪಾ, ಬನ್ನಿ" ಎಂದರು. ಹಲ್ಲಿ ತಡೆಯಲಾಗದೆ "ಲೊಚ್ ಲೊಚ್" ಎಂದಿತು.

ಮನೆಮನೆಯಲ್ಲೂ ರೇಡಿಯೋ ಮುಂದೆ ಕೂತವರು, "ಕೃಷ್ಣ ಕೃಷ್ಣ! ಹಲ್ಲಿ ನುಡೀತು, ನಿಜವೇ ಇರಬೇಕು" ಎಂದು ಬೆರಳಿಂದ ನೆಲ ಕುಟ್ಟಿದರು. ಮಾರನೇ ದಿನ ಶಿಬಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೊಚ್ ಕೇಳಿದಾಗಲೇ ಆ ಮನೆಗಳ ಹಲ್ಲಿಗಳೂ ರೇಡಿಯೋ ಕಡೆ ತಿರುಗಿ ಲೊಚಗುಟ್ಟಿ ಕರೆದಿದ್ದವು.

ಸ್ಪಂಜಿನ ಕೋಣೆಗೆ ಅದೊಂದೂ ಕೇಳಲಿಲ್ಲ.

"ಯಾರಾದ್ರೂ ಏನಾದ್ರೂ ಅಂದ್ರಾ ಅಣ್ಣಾ?"

ಮೈಕು ಈ ಸಲ ನಗಲಿಲ್ಲ. "ಗೊತ್ತಿಲ್ಲ ತಮ್ಮಾ. ನಾನು ಕಳಿಸೋನು ಮಾತ್ರ. ನನಗೂ ಇವತ್ತಿನವರೆಗೆ ಯಾರೂ ಓಗೊಟ್ಟಿಲ್ಲ."

ಹಲ್ಲಿ ಇಳಿದುಬಂದು ಮೈಕಿನ ಕುತ್ತಿಗೆಗೆ ಅಂಟಿಕೊಂಡಿತು. "ಹಾಗಾದ್ರೆ ನೀನೇ ಒಂದು ಸಲ ಲೊಚ್ ಅನ್ನು."

ಮೈಕು ತುಂಬ ಕಷ್ಟಪಟ್ಟಿತು. ಕೊನೆಗೆ, "ಹಲೋ, ಮೈಕ್ ಟೆಸ್ಟಿಂಗ್" ಎಂದಿತು.

ಹಲ್ಲಿ ಅದನ್ನೇ ಉತ್ತರ ಅಂದುಕೊಂಡು ಕಣ್ಮುಚ್ಚಿತು.