ಬಲಗುಂಡಿಯ ಮೆನು

"ಗುರುಗಳೇ, ಮೌಸಿನ ಬಲಗುಂಡಿ ಒತ್ತಿದರೆ ಮೆನು ತೆರೆದುಕೊಳ್ಳುವಂತೆ ಮಾಡಿದ್ದೇನೆ. ಎಲ್ಲವನ್ನೂ ಒತ್ತಿ ನೋಡಿದ್ದೇನೆ, ಎಲ್ಲೂ ತಪ್ಪು ಬರಲಿಲ್ಲ. ನಾಳೆ ಆಸ್ಪತ್ರೆಗೆ ಒಪ್ಪಿಸಬೇಕು. ಆದರೂ ಎದೆ ಯಾಕೆ ಡವಡವ ಎನ್ನುತ್ತಿದೆ?" ಎಂದು ಇಂದುಧರ ಕೇಳಿದ. ಅವನು ಗುರುಗಳ ಬಳಿ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದ.

ಗುರುಗಳು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

ಒಂದು ಊರಿನ ಬ್ಲಡ್ ಬ್ಯಾಂಕಿಗೆ ಒಬ್ಬ ಪ್ರೋಗ್ರಾಂ ಬರೆದುಕೊಟ್ಟಿದ್ದ. ಪರದೆಯ ಮೇಲೆ ರಕ್ತದ ಚೀಲಗಳ ಪಟ್ಟಿ. ಎಡಗುಂಡಿ ಒತ್ತಿದ ಸಾಲು ನೀಲಿಯಾಗುತ್ತಿತ್ತು. ಕೆಲಸ ಬೇಗ ಆಗಲಿ ಎಂದು ಅವನು ಬಲಗುಂಡಿಗೆ ಒಂದು ಮೆನು ಸೇರಿಸಿದ. ಚೀಲ ಕೊಡುವುದಕ್ಕೆ, ಕಾದಿರಿಸುವುದಕ್ಕೆ, ವಿಲೇವಾರಿ ಮಾಡುವುದಕ್ಕೆ ಎಲ್ಲ ಅದರಲ್ಲೇ ದಾರಿಯಿತ್ತು. ಅವನೂ ನಿನ್ನ ಹಾಗೆಯೇ ಒತ್ತಿ ಒತ್ತಿ ನೋಡಿದ. ಬರೆದವನೇ ಒತ್ತಿದರೆ ತಪ್ಪು ಎಲ್ಲಿಂದ ಬರಬೇಕು?

ಅಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಹೆರಿಗೆ ವಾರ್ಡಿನಿಂದ ಫೋನ್ ಬಂತು. ಬಸುರಿಯೊಬ್ಬಳದು ಅಪರೂಪದ ಗುಂಪಿನ ರಕ್ತ, ಬೇಕಾಗಬಹುದು, ಇದೆಯೇ ನೋಡಿ ಎಂದರು. ಇದ್ದದ್ದು ಒಂದೇ ಚೀಲ. ಅವಳು ಆ ಚೀಲದ ಸಾಲನ್ನು ಎಡಗುಂಡಿಯಿಂದ ಒತ್ತಿ ನೋಡಿ, ಇದೆ ಎಂದಳು. ಆಮೇಲೆ ಕೆಳಗೆ, ಅವಧಿ ಮುಗಿದ ಚೀಲವೊಂದರ ಸಾಲಿನ ಮೇಲೆ ಬಲಗುಂಡಿ ಒತ್ತಿ ವಿಲೇವಾರಿಗೆ ಹಾಕಿದಳು. ಮೆನು ತೆರೆದದ್ದು ಆ ಕೆಳಗಿನ ಸಾಲಿನ ಮೇಲೆಯೇ. ಪ್ರೋಗ್ರಾಂ ಮಾತ್ರ ನೀಲಿಯಾಗಿದ್ದ ಮೇಲಿನ ಸಾಲನ್ನೇ ಹಿಡಿದುಕೊಂಡಿತ್ತು. ಪರದೆ ತೋರಿಸಿದ ನಂಬರಿನ ಚೀಲವನ್ನು ಅಟೆಂಡರ್ ಫ್ರಿಜ್ಜಿನಿಂದ ತೆಗೆದು ತೊಟ್ಟಿಗೆ ಹಾಕಿದ.

ಮಧ್ಯಾಹ್ನ ವಾರ್ಡಿನವರು ರಕ್ತ ಕೇಳಿದರು. ಫ್ರಿಜ್ಜಿನಲ್ಲಿ ಚೀಲವಿಲ್ಲ. ತೊಟ್ಟಿಯಲ್ಲಿ ಸಿಕ್ಕಿತು, ಆದರೆ ಅಷ್ಟು ಹೊತ್ತು ಹೊರಗಿದ್ದ ರಕ್ತವನ್ನು ಯಾರಿಗೂ ಕೊಡುವಂತಿಲ್ಲ. ಪಕ್ಕದ ಜಿಲ್ಲೆಯಿಂದ ತರಲು ಗಾಡಿ ಓಡಿತು. ಬಸುರಿಯ ತಾಯಿ ವಾರ್ಡಿನ ಬಾಗಿಲಲ್ಲಿ ನಿಂತವಳು ಕೂರಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ. ಗಾಡಿ ಬರುವ ತನಕ ಅವಳ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ರಕ್ತ ಬಂತು, ಬಾಣಂತಿ ಮಗು ಇಬ್ಬರೂ ಉಳಿದರು. ಅದು ದಾರಿ ಖಾಲಿಯಿದ್ದ ಪುಣ್ಯ. ಪ್ರೋಗ್ರಾಂ ಬರೆದವನ ಹೆಚ್ಚುಗಾರಿಕೆ ಏನಿಲ್ಲ.

ಅವನನ್ನು ಕರೆಸಿದರು. "ನಾನು ಹಳೇ ಚೀಲದ ಮೇಲೇ ಒತ್ತಿದ್ದು ಸರ್, ದೇವರಾಣೆ" ಎಂದು ಆ ಹೆಂಗಸು ಅತ್ತಳು. ಅವನು ನಂಬಲಿಲ್ಲ. ತೋರಿಸುತ್ತೇನೆಂದು ನಕಲಿ ಪಟ್ಟಿಯೊಂದನ್ನು ತೆರೆದು ಒತ್ತಿದ. ಸರಿಯಾದ ಚೀಲವೇ ಹೋಯಿತು. ಮತ್ತೆ ಒತ್ತಿದ, ಮತ್ತೆ ಸರಿ. ಇನ್ನೇನು ಅವಳ ಕೆಲಸ ಹೋಯಿತು ಎನ್ನುವಾಗ ಅವನ ಕಣ್ಣು ತನ್ನ ಬೆರಳಿನ ಮೇಲೆ ಬಿತ್ತು. ಬಲಗುಂಡಿಗೆ ಹೋಗುವ ಮೊದಲು ಅದು ತಾನಾಗಿಯೇ ಎಡಗುಂಡಿಯನ್ನು ಒಮ್ಮೆ ಒತ್ತುತ್ತಿತ್ತು. ವರ್ಷಗಳ ರೂಢಿ, ಅವನಿಗೇ ಗೊತ್ತಿರಲಿಲ್ಲ. ಎಡಗುಂಡಿ ಮುಟ್ಟದೆ ಬಲಗುಂಡಿಯನ್ನಷ್ಟೇ ಒತ್ತಿದ. ಮೊದಲೇ ನೀಲಿಯಾಗಿದ್ದ ಬೇರೆ ಸಾಲಿನ ಚೀಲ ಹೋಯಿತು.

ಇಂದುಧರ ತನ್ನ ಪರದೆಯತ್ತ ತಿರುಗಿದ. "ನನ್ನದರಲ್ಲಿ ಹಾಗಾಗಲಿಕ್ಕಿಲ್ಲ, ಗುರುಗಳೇ. ಎಷ್ಟೋ ಸಲ ಒತ್ತಿ ನೋಡಿದ್ದೇನೆ" ಎಂದ.

ಗುರುಗಳು ಕೈ ಚಾಚಿ, "ಸರಿ, ಆ ಮೌಸನ್ನು ಇತ್ತ ಕೊಡು" ಎಂದರು.