ಪಂಪಾಪತಿ ಕಂಡೂ ಹೇಳದ ಬಿರುಕು

ಅದಿರಿನ ಗುಡ್ಡವೊಂದರ ಬುಡದಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ಗುಡ್ಡದ ನೆತ್ತಿಗೂ ಕಾರ್ಖಾನೆಗೂ ನಡುವೆ ಒಂದು ಸಣ್ಣ ರೈಲು ಓಡುತ್ತಿತ್ತು. ಬೆಳಿಗ್ಗೆ ಅದಿರು ಒಡೆಯುವ ಹೆಂಗಸರನ್ನು ಮೇಲಕ್ಕೆ ಕರೆದೊಯ್ಯುತ್ತಿತ್ತು. ಆಮೇಲೆ ಸಂಜೆಯವರೆಗೂ ಅದಿರನ್ನು ಕೆಳಕ್ಕೆ ತರುತ್ತಿತ್ತು.

ಈ ರೈಲಿಗೆ ಗೆದ್ದಲಿನ ಕಾಟ ಶುರುವಾಯಿತು. ಹಳಿಗಳ ಅಡಿಗೆ ಅಡ್ಡಡ್ಡಲಾಗಿ ಮರದ ದಿಮ್ಮಿಗಳನ್ನು ಹಾಕಿರುತ್ತಾರಲ್ಲ, ಸ್ಲೀಪರ್ ಅನ್ನುತ್ತಾರೆ, ಅವುಗಳನ್ನು ಗೆದ್ದಲು ಒಳಗಿಂದೊಳಗೇ ತಿಂದು ಟೊಳ್ಳು ಮಾಡುತ್ತಿತ್ತು. ಎಷ್ಟು ಬದಲಿಸಿದರೂ ಅಷ್ಟೇ. ಕಡೆಗೆ ಕಾರ್ಖಾನೆಯ ನಕ್ಷೆ ವಿಭಾಗದ ಹಿರಿಯರಾದ ಮೊದಲಿಯಾರರು ತಮ್ಮ ಇಬ್ಬರು ಶಿಷ್ಯರನ್ನು ಕರೆದರು.

"ಮರದ ಸಹವಾಸ ಸಾಕು. ಉಕ್ಕಿನಲ್ಲೇ ಸ್ಲೀಪರ್ ಮಾಡೋಣ. ಇಬ್ಬರೂ ಒಂದೊಂದು ನಕ್ಷೆ ಬರೆದು ತನ್ನಿ. ಯಾರದ್ದು ಹಳಿಯನ್ನು ಗಟ್ಟಿಯಾಗಿ ಹಿಡಿಯುತ್ತದೋ ಅದನ್ನೇ ಗುಡ್ಡದುದ್ದಕ್ಕೂ ಹಾಕಿಸುತ್ತೇನೆ" ಅಂದರು.

ಶಿಷ್ಯರಲ್ಲಿ ಹಿರಿಯವನು ಪಂಪಾಪತಿ. ಕಿರಿಯವನು ಎರ್ರಿಸ್ವಾಮಿ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಒಂದೇ ಗುರುವಿನ ಬೈಗುಳ ತಿಂದು ಕಲಿತವರು. ಎರ್ರಿಸ್ವಾಮಿಗೆ ಸ್ಕೇಲು ಹಿಡಿಯುವುದನ್ನು ಕಲಿಸಿದವನೇ ಪಂಪಾಪತಿ. ಎರ್ರಿಸ್ವಾಮಿ ಅವನನ್ನು ಬಾಯಿ ತುಂಬ ಅಣ್ಣಾ ಎನ್ನುತ್ತಿದ್ದ. ಮೊದಲಿಯಾರರು ಇನ್ನೇನು ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು. ಅವರ ಜಾಗ ತನ್ನದೇ ಎಂದು ಪಂಪಾಪತಿ ನಂಬಿಕೊಂಡಿದ್ದ. ಊರೂ ಹಾಗೇ ನಂಬಿತ್ತು.

ಪಂಪಾಪತಿ ದಪ್ಪನೆಯ, ಚಪ್ಪಟೆಯಾದ ಉಕ್ಕಿನ ಹಲಗೆ ಬರೆದು ತಂದ. ಆನೆ ನಿಂತರೂ ಬಗ್ಗದಂಥ ಹಲಗೆ. ಕೆಲವನ್ನು ಮಾಡಿಸಿ ಗುಡ್ಡದ ತಿರುವಿನಲ್ಲಿ ಹಾಕಿ ನೋಡಿದರು. ಅವು ಬಗ್ಗಲಿಲ್ಲ ನಿಜ. ಆದರೆ ತುಂಬಿದ ರೈಲು ತಿರುವಿನಲ್ಲಿ ಬರುವಾಗ ಒತ್ತಿದ ಭಾರಕ್ಕೆ ಜಲ್ಲಿಯ ಮೇಲೆ ಪಕ್ಕಕ್ಕೆ ಜಾರಿದವು. ಹಳಿಯೂ ಜೊತೆಗೆ ಜಾರಿತು.

ಎರ್ರಿಸ್ವಾಮಿಯ ನಕ್ಷೆ ಬೇರೆಯೇ ಇತ್ತು. ತೆಳು ತಗಡನ್ನು ಅವನು ಬೋರಲು ಹಾಕಿದ ಮರಿಗೆಯ, ಅಂದರೆ ಉದ್ದನೆಯ ತೊಟ್ಟಿಯ ಹಾಗೆ ಬಗ್ಗಿಸಿದ್ದ. ಎರಡೂ ತುದಿಗಳನ್ನು ಕೆಳಮುಖವಾಗಿ ಮಡಚಿದ್ದ. ಎಲ್ಲರೂ ನಕ್ಕರು. ಇಷ್ಟು ತೆಳು ತಗಡು ರೈಲನ್ನು ಹೊರುವುದುಂಟೇ?

ಎರ್ರಿಸ್ವಾಮಿ ಅಲ್ಲೇ ಜಲ್ಲಿಯ ರಾಶಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಅಂಗೈಯನ್ನು ಚಪ್ಪಟೆಯಾಗಿ ರಾಶಿಯ ಮೇಲಿಟ್ಟು, "ತಳ್ಳ್ರಿ ನೋಡೋಣ" ಅಂದ. ಮೊದಲಿಯಾರರು ಒಂದು ಬೆರಳಿನಿಂದ ತಳ್ಳಿದರು. ಕೈ ಜಾರಿತು. ಈಗ ಅವನು ಅಂಗೈಯನ್ನು ಬಟ್ಟಲಿನಂತೆ ಬೋರಲು ಮಾಡಿ, ಬೆರಳುಗಳನ್ನು ಜಲ್ಲಿಯೊಳಗೆ ಊರಿದ. "ಈಗ ತಳ್ಳ್ರಿ." ಮೊದಲಿಯಾರರು ಎರಡೂ ಕೈಯಲ್ಲಿ ತಳ್ಳಿದರು. ಕೈ ಅಲ್ಲಾಡಲಿಲ್ಲ.

"ಮರಿಗೆಯ ಹೊಟ್ಟೆಯೊಳಗೆ ಜಲ್ಲಿ ತುಂಬಿ ಬಿಗಿಯುತ್ತೆ, ಭಾರ ಅದೇ ಹೊರುತ್ತೆ. ಮಡಚಿದ ತುದಿ ಜಲ್ಲಿಯೊಳಗೆ ಊರಿಕೊಂಡು ಪಕ್ಕಕ್ಕೆ ಸರಿಯೋಕೆ ಬಿಡಲ್ಲ" ಅಂದ ಎರ್ರಿಸ್ವಾಮಿ.

ತಿರುವಿನಲ್ಲಿ ಹಾಕಿ ನೋಡಿದರು. ಅದಿರು ತುಂಬಿದ ರೈಲು ಎಷ್ಟು ಸಲ ಓಡಾಡಿದರೂ ಹಳಿ ಕದಲಲಿಲ್ಲ. ಮೊದಲಿಯಾರರು ಎಲ್ಲರೆದುರು ಎರ್ರಿಸ್ವಾಮಿಯ ಬೆನ್ನು ತಟ್ಟಿದರು.

ಅವತ್ತು ಪಂಪಾಪತಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ಮೊದಮೊದಲು ಅದು ಸಣ್ಣದಾಗಿಯೇ ಇತ್ತು. ಮೊದಲಿಯಾರರು ಎರ್ರಿಸ್ವಾಮಿಯ ಮೇಜಿನ ಬಳಿ ಒಂದು ಗಳಿಗೆ ಹೆಚ್ಚು ನಿಂತರೆ ಇವನ ಪೆನ್ಸಿಲಿನ ಮೊನೆ ಮುರಿಯುತ್ತಿತ್ತು. ಟೀ ತರುವವನು ಮೊದಲ ಲೋಟವನ್ನು ಅವನಿಗೆ ಕೊಟ್ಟರೆ ಇವನಿಗೆ ಟೀಯೇ ಬೇಡವಾಗುತ್ತಿತ್ತು. ವರ್ಷಗಟ್ಟಲೆ ಕೇಳಿದ್ದ ಎರ್ರಿಸ್ವಾಮಿಯ ನಗು ಈಗ ಕಿವಿಗೆ ಚುಚ್ಚುತ್ತಿತ್ತು. ಅವನು ಸುಮ್ಮನಿದ್ದರೆ ಜಂಬ ಅನ್ನಿಸುತ್ತಿತ್ತು. ಮಾತಾಡಿಸಿದರೆ ಅಣಕ ಅನ್ನಿಸುತ್ತಿತ್ತು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಹೆಂಡತಿ ಹೊನ್ನೂರಮ್ಮ ಊಟಕ್ಕೆ ಬಡಿಸುತ್ತ, "ಎರ್ರಿಸ್ವಾಮಿ ಜಲ್ಲಿಯಲ್ಲಿ ಕೈ ಊರಿ ತೋರಿಸಿದ್ನಂತೆ. ಬಾವಿಕಟ್ಟೆಯಲ್ಲೆಲ್ಲ ಅದೇ ಮಾತು. ನಿಮ್ಮ ಕೈಯಲ್ಲಿ ಪಳಗಿದ ಹುಡುಗ ಅಲ್ವಾ, ನಮಗೂ ಹೆಮ್ಮೆನೇ" ಅಂದಳು.

"ಊಟಕ್ಕೆ ಕೂತಾಗ ಕಾರ್ಖಾನೆ ಮಾತು ಯಾಕೆ?" ಎಂದು ಪಂಪಾಪತಿ ತಟ್ಟೆ ಸರಿಸಿ ಎದ್ದ. ಹೊನ್ನೂರಮ್ಮನಿಗೆ ತಾನೇನು ತಪ್ಪು ಆಡಿದೆ ಎಂಬುದೇ ತಿಳಿಯಲಿಲ್ಲ.

ಗುಡ್ಡದುದ್ದಕ್ಕೂ ಹಾಕುವ ಮೊದಲು ನಕ್ಷೆಯನ್ನು ಕೊನೆಯ ಸಲ ತಿದ್ದಬೇಕಿತ್ತು. ಎರ್ರಿಸ್ವಾಮಿ ಅದನ್ನು ಸುತ್ತಿಕೊಂಡು ನೇರ ಪಂಪಾಪತಿಯ ಮೇಜಿಗೆ ಬಂದ.

"ಅಣ್ಣಾ, ನೀನೊಂದ್ಸಲ ನೋಡಿಬಿಡು. ನಿನ್ನ ಕಣ್ಣು ಬಿದ್ದರೆ ನನಗೆ ಧೈರ್ಯ."

ಪಂಪಾಪತಿ ನಕ್ಷೆ ಬಿಡಿಸಿದ. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಹಳಿಯನ್ನು ಸ್ಲೀಪರಿಗೆ ಬಿಗಿಯುವ ಕ್ಲಿಪ್ಪು ಕೂರಲು ತಗಡಿನಲ್ಲಿ ತೂತುಗಳಿದ್ದವು. ಆ ತೂತುಗಳು ಚೌಕವಾಗಿದ್ದವು. ನಾಲ್ಕೂ ಮೂಲೆ ಚೂಪಾಗಿದ್ದವು. ಹಿಂದೆ ಪಂಪಾಪತಿಯೇ ಅದಿರು ತುಂಬುವ ರೈಲು ಡಬ್ಬಿಗಳ ಬಾಗಿಲಿಗೆ ಇಂಥ ತೂತು ಹಾಕಿಸಿದ್ದ. ಕತ್ತರಿ ತಾಗಿದ ಕಡೆಯಿಂದ ಬಟ್ಟೆ ಹರಿಯುವಂತೆ, ಮೂಲೆಗಳಿಂದ ತಗಡು ಸೀಳಿತ್ತು. ಪರೀಕ್ಷೆಗೆ ಹಾಕಿದ ಕೆಲವೇ ದಿನಗಳಲ್ಲಿ ಅದು ಕಾಣುವಂಥದ್ದಲ್ಲ. ತಿಂಗಳುಗಟ್ಟಲೆ ರೈಲು ಕುಟ್ಟಿದ ಮೇಲೆ ಮೂಲೆಗಳು ಬಿರಿಯುವುದು ಖಂಡಿತ. ಮೂಲೆಯನ್ನು ದುಂಡು ಮಾಡಿ, ತೂತಿನ ಸುತ್ತ ತಗಡನ್ನು ತುಸು ದಪ್ಪ ಬಿಟ್ಟರೆ ಮುಗಿಯಿತು.

ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಮೊದಲಿಯಾರರು ಒಳಗೆ ಬಂದರು. "ಎರ್ರಿಸ್ವಾಮಿ, ದೊಡ್ಡವರ ಜೊತೆ ಮಾತಾಡಿದೆ. ನಾನು ಹೋದ ಮೇಲೆ ಈ ವಿಭಾಗ ನೀನೇ ನೋಡ್ಕೋಬೇಕು. ಪಂಪಾಪತಿ, ನೀನು ಇವನಿಗೆ ಬಲವಾಗಿ ನಿಲ್ಲಬೇಕಪ್ಪ" ಅಂದರು.

ತೆರೆದ ಬಾಯಿ ಮುಚ್ಚಿತು.

"ಏನಣ್ಣಾ, ಏನೋ ಹೇಳೋಕೆ ಹೊರಟಿದ್ದೆ?" ಎಂದು ಎರ್ರಿಸ್ವಾಮಿ ಕೇಳಿದ.

"ಏನಿಲ್ಲ. ಚೆನ್ನಾಗಿದೆ. ಕೈ ಹಾಕುವಂಥದ್ದು ಏನೂ ಇಲ್ಲ" ಎಂದು ಪಂಪಾಪತಿ ನಕ್ಷೆಯನ್ನು ಸುತ್ತಿ ಕೊಟ್ಟ.

ತಾನು ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ತಪ್ಪು ಬರೆದವನು ಅವನು, ಬಿರಿದ ದಿನ ಎಲ್ಲರೂ ನನ್ನ ಬಳಿಯೇ ಬರುತ್ತಾರೆ ಎಂದುಕೊಂಡ. ಆ ಮಧ್ಯಾಹ್ನ ಅವನಿಗೆ ಬಹಳ ದಿನಗಳ ಮೇಲೆ ಹಸಿವಾಯಿತು.

ಹೊಸ ಸ್ಲೀಪರುಗಳನ್ನು ಗುಡ್ಡದುದ್ದಕ್ಕೂ ಹಾಕಿದರು. ರೈಲು ಸಲೀಸಾಗಿ ಓಡತೊಡಗಿತು. ಪಂಪಾಪತಿಗೆ ಈಗ ಹೊಸದೊಂದು ಅಭ್ಯಾಸ ಹತ್ತಿಕೊಂಡಿತು. ಕೆಲಸ ಬಿಟ್ಟ ಮೇಲೆ ಮನೆಗೆ ಹೋಗುತ್ತಿರಲಿಲ್ಲ. ಹಳಿ ಹಿಡಿದು ನಡೆಯುತ್ತಿದ್ದ. ಕ್ಲಿಪ್ಪಿನ ಬುಡದಲ್ಲಿ ಕೂತ ಅದಿರಿನ ಕೆಂಪು ಧೂಳನ್ನು ಬೆರಳಿನಿಂದ ಒರೆಸಿ ಬಗ್ಗಿ ನೋಡುತ್ತಿದ್ದ. ಹಳಿ ಕಾಯುವ ಆಳುಗಳಿಗೆ ಆ ಧೂಳಿನಡಿ ಏನೂ ಕಾಣುತ್ತಿರಲಿಲ್ಲ. ಎಲ್ಲಿ ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಸಂಜೆ ಗುಡ್ಡದ ತಿರುವಿನಲ್ಲಿ, ಕೆಳಗೆ ಆಳವಾದ ಕೊರಕಲಿದ್ದ ಕಡೆ, ಅವನಿಗೆ ಬೇಕಾದದ್ದು ಸಿಕ್ಕಿತು. ತೂತಿನ ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿತ್ತು. ಮಗುವಿಗೆ ಮೊದಲ ಹಲ್ಲು ಬಂದದ್ದನ್ನು ಕಂಡವನಂತೆ ಪಂಪಾಪತಿಯ ಮುಖ ಅರಳಿತು. ಅವನು ಧೂಳನ್ನು ಮತ್ತೆ ಅದರ ಮೇಲೆ ಎಳೆದು ಮನೆಗೆ ಬಂದ. ಯಾರಿಗೂ ಹೇಳಲಿಲ್ಲ. ಇನ್ನಷ್ಟು ದೊಡ್ಡದಾಗಲಿ, ಎಲ್ಲರ ಕಣ್ಣಿಗೂ ಬೀಳಲಿ ಎಂದುಕೊಂಡ.

ಆಮೇಲೆ ಕೆಲವು ದಿನ ಅವನು ಜ್ವರ ಬಂದು ಮಲಗಿದ. ಚೇತರಿಸಿಕೊಂಡ ಬೆಳಿಗ್ಗೆ ಮೊದಲು ನೆನಪಾದದ್ದು ಆ ಬಿರುಕೇ. ಗಂಜಿ ಕುಡಿದು, ಹೊನ್ನೂರಮ್ಮ ಬೇಡವೆಂದರೂ ಕೇಳದೆ, ಕೆಂಪು ಶಾಲು ಹೊದ್ದು ಗುಡ್ಡದ ಕಡೆ ನಡೆದ.

ತಿರುವಿಗೆ ಬಂದು ಧೂಳು ಒರೆಸಿದ. ಬಿರುಕು ತಗಡಿನ ಅಂಚು ಮುಟ್ಟಿತ್ತು. ಪಕ್ಕದ ಸ್ಲೀಪರ್ ನೋಡಿದ. ಅದೂ ಹಾಗೇ. ಅದರಾಚೆಯದೂ. ಕ್ಲಿಪ್ಪುಗಳು ಸಡಿಲವಾದ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಹೊರಗಿನ ಹಳಿಯ ಮೇಲೆ ಕಾಲಿಟ್ಟು ಒತ್ತಿದ. ಅವನ ಒಬ್ಬನ ಭಾರಕ್ಕೇ ಹಳಿ ಕೊರಕಲಿನ ಕಡೆಗೆ ವಾಲಿತು.

ಆಗ ಕೆಳಗೆ ರೈಲು ಕೂಗಿತು. ಹೆಂಗಸರನ್ನು ತುಂಬಿಕೊಂಡು ಹೊರಟಿತ್ತು.

ಪಂಪಾಪತಿ ಓಡಿದ. ಜ್ವರದಿಂದ ಸೋತ ಕಾಲುಗಳು ಜಲ್ಲಿಯಲ್ಲಿ ಮುಗ್ಗರಿಸಿದವು. ಬಿದ್ದ. ಮಂಡಿ ಒಡೆಯಿತು. ಎದ್ದು ಮತ್ತೆ ಓಡಿದ. ಶಾಲನ್ನು ಕಿತ್ತು ತಲೆಯ ಮೇಲೆ ಬೀಸುತ್ತ, "ನಿಲ್ಸು! ಖಾದರ್ ಸಾಬ್, ನಿಲ್ಸಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗಿದ. ಡ್ರೈವರ್ ಖಾದರ್ ಸಾಬ್ ಬ್ರೇಕು ಹಾಕಿದ. ಚಕ್ರಗಳು ಕಿರುಚಿದವು. ರೈಲು ಪಂಪಾಪತಿಯ ಎದೆಯ ಮುಂದೆಯೇ ಬಂದು ನಿಂತಿತು.

ಹೆಂಗಸರು ದಡಬಡನೆ ಇಳಿದರು. ಖಾದರ್ ಸಾಬ್ ತಿರುವಿನವರೆಗೆ ಹೋಗಿ ನೋಡಿ, ಮುಖ ಬಿಳಿಚಿಕೊಂಡು ಬಂದ. "ಇವರಿಲ್ಲದಿದ್ರೆ ಇವತ್ತು ನಾವ್ಯಾರೂ ಇರ್ತಿರ್ಲಿಲ್ಲ" ಅಂದ.

ಸುದ್ದಿ ತಿಳಿದು ಮೊದಲಿಯಾರರೂ ಎರ್ರಿಸ್ವಾಮಿಯೂ ಓಡೋಡಿ ಬಂದರು. ಎರ್ರಿಸ್ವಾಮಿ ಬಿರಿದ ತಗಡಿನ ಬಳಿ ಕೂತು ಒಂದೊಂದೇ ಮೂಲೆ ಮುಟ್ಟಿ ನೋಡಿದ. ಆಮೇಲೆ ಎದ್ದು ಬಂದು ಪಂಪಾಪತಿಯ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಇವರನ್ನೂ ಉಳಿಸ್ದೆ, ನನ್ನನ್ನೂ ಉಳಿಸ್ದೆ. ನಾನು ಹೊಗಳಿಕೆ ಕೇಳ್ಕೊಂಡು ಕೂತಿದ್ದೆ. ನೀನು ದಿನಾ ಸಂಜೆ ಹಳಿ ನೋಡ್ಕೊಂಡು ನಡೀತಿದ್ದೆ. ಊರಿಗೆಲ್ಲ ಗೊತ್ತು."

ಮೊದಲಿಯಾರರು ತಲೆಯಾಡಿಸಿದರು. "ನಾನೇ ಆರಿಸಿದ್ದು ತಪ್ಪಾಯಿತು, ಪಂಪಾಪತಿ. ಜ್ವರದಲ್ಲೂ ಹಳಿ ಕಾದವನು ನೀನು. ನನ್ನ ಜಾಗಕ್ಕೆ ನೀನೇ ಸರಿ."

ಬಯಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಮಡಿಲಿಗೆ ಬಂದು ಬಿದ್ದಿತ್ತು. ಸುಮ್ಮನೆ ತಲೆಬಾಗಿದ್ದರೆ ಸಾಕಿತ್ತು. ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಒಬ್ಬಳು ಮುಂದೆ ಬಂದಳು. ಸೊಂಟದಲ್ಲಿ ಕೂಸಿತ್ತು. ಬುತ್ತಿಯ ಗಂಟು ಬಿಚ್ಚಿ, ಜೋಳದ ರೊಟ್ಟಿಗೆ ಗುರೆಳ್ಳು ಪುಡಿ ಹಾಕಿ, ಪಂಪಾಪತಿಯ ಕೈಯಲ್ಲಿ ಇಟ್ಟಳು.

"ತಿನ್ನಣ್ಣ. ಓಡಿ ಓಡಿ ನಡುಗ್ತಾ ಇದ್ದೀಯ. ನಿನ್ನ ಹೊಟ್ಟೆ ತಣ್ಣಗಿರಲಿ."

ಪಂಪಾಪತಿ ಒಂದು ತುತ್ತು ಮುರಿದು ಬಾಯಿಗಿಟ್ಟ. ಕೂಸು ಅವನನ್ನೇ ನೋಡಿ ನಕ್ಕಿತು. ಅವನು ತುತ್ತನ್ನು ಉಗುಳಿ ಅಳತೊಡಗಿದ.

"ನನ್ನನ್ನ ಹೊಗಳಬೇಡ್ರಿ" ಅಂದ. "ಇದು ಬಿರಿಯುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ಎರ್ರಿಸ್ವಾಮಿ ನಕ್ಷೆ ತಂದು ತೋರಿಸಿದ ದಿನಾನೇ ಕಂಡಿತ್ತು. ಚೆನ್ನಾಗಿದೆ ಅಂದೆ. ಸಂಜೆ ಸಂಜೆ ನಡೀತಿದ್ದದ್ದು ಹಳಿ ಕಾಯೋಕಲ್ಲ. ಇವನ ಹೆಸರು ಯಾವಾಗ ಕೆಡುತ್ತೆ ಅಂತ ಕಾಯ್ತಿದ್ದೆ. ಬಿರುಕು ಕಂಡ ದಿನ ಸಂತೋಷಪಟ್ಟೆ. ಈ ರೈಲಲ್ಲಿ ನೀವಿರ್ತೀರ ಅನ್ನೋದು ನನ್ನ ತಲೆಗೇ ಬರ್ಲಿಲ್ಲ."

ಎರ್ರಿಸ್ವಾಮಿ ಹಿಡಿದ ಕೈಗಳನ್ನು ಮೊದಲೇ ಬಿಟ್ಟಿದ್ದ. ಈಗ ಎರಡು ಹೆಜ್ಜೆ ಹಿಂದೆ ಸರಿದ. ಆ ಹೆಂಗಸು ರೊಟ್ಟಿಯನ್ನು ವಾಪಸು ಕೇಳಲಿಲ್ಲ. ಕೂಸಿನ ತಲೆಯನ್ನು ಎದೆಗೊತ್ತಿಕೊಂಡು, ಅವನತ್ತ ತಿರುಗಿ ನೋಡದೆ, ಉಳಿದವರ ಜೊತೆ ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿದಳು.

ಮೊದಲಿಯಾರರು ಹೇಳಿದರು: "ಪಂಪಾಪತಿ, ಇವನು ತಪ್ಪು ಮಾಡಿದ್ದು ಗೊತ್ತಿಲ್ಲದೆ. ಗೊತ್ತಿಲ್ಲದ್ದನ್ನು ಕಲಿಸಬಹುದು. ಅದಕ್ಕೇ ನಿನ್ನ ಹತ್ತಿರ ಬಂದಿದ್ದ. ನೀನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಬಳಿ ಪಾಠವಿಲ್ಲ."

ಅಂದೇ ರೈಲಿನ ಓಡಾಟ ನಿಂತಿತು. ಹಾಕಿದ ಸ್ಲೀಪರುಗಳನ್ನೆಲ್ಲ ಕಿತ್ತು ಕರಗಿಸಲು ಕಳಿಸಿದರು. ಮೊದಲಿಯಾರರ ಜಾಗ ಎರ್ರಿಸ್ವಾಮಿಗೇ ಆಯಿತು. ಪಂಪಾಪತಿ ಕೆಲಸ ಬಿಡುತ್ತೇನೆ ಎಂದು ಹೋಗಿ ಅವನ ಮುಂದೆ ನಿಂತ.

ಎರ್ರಿಸ್ವಾಮಿ ಅವನ ಮುಖ ನೋಡಲಿಲ್ಲ. ಖಾಲಿ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದ.

"ಕೂತ್ಕೊಳ್ಳಿ. ತೂತು ಹೇಗಿರಬೇಕಿತ್ತು ಅಂತ ಬರೆದು ತೋರಿಸಿ. ಆಮೇಲೆ ಹೋಗೋದಿದ್ರೆ ಹೋಗಿ."

ಪಂಪಾಪತಿ ಕೂತ. ಮೂಲೆಗಳನ್ನು ದುಂಡಗೆ ಎಳೆದ. ಸುತ್ತ ತಗಡನ್ನು ದಪ್ಪ ಮಾಡಿದ. ತುದಿಗಳ ಮಡಿಕೆಯನ್ನು ಮುಟ್ಟಲೇ ಇಲ್ಲ. ಅದು ತನಗಿಂತ ಚೆನ್ನಾಗಿ ಯೋಚಿಸಿದ ತಲೆಯ ಕೆಲಸ ಎಂಬುದು ಅವನಿಗೆ ಆಗ ನಿಚ್ಚಳವಾಗಿ ಕಂಡಿತು. ಎರ್ರಿಸ್ವಾಮಿ ನೋಡುತ್ತ ನಿಂತಿದ್ದವನು, ಎಲ್ಲೋ ಒಂದು ಕಡೆ ಬೆರಳಿಟ್ಟು ಪ್ರಶ್ನೆ ಕೇಳಿದ. ಪಂಪಾಪತಿ ಉತ್ತರ ಹೇಳಿದ. ಸಂಜೆಯವರೆಗೂ ಹಾಗೇ ನಡೆಯಿತು. ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ನಕ್ಷೆಯಂತೆ ಹೊಸದಾಗಿ ಮಾಡಿಸಿ ಹಾಕಿದ ಸ್ಲೀಪರುಗಳು ಹಳಿಯನ್ನು ಗಟ್ಟಿಯಾಗಿ ಹಿಡಿದವು. ಜನ ಅವನ್ನು ಎರ್ರಿಸ್ವಾಮಿ ಸ್ಲೀಪರ್ ಎಂದೇ ಕರೆದರು. ಆ ಮಾತು ಕೇಳಿದಾಗಲೆಲ್ಲ ಪಂಪಾಪತಿಯ ಹೊಟ್ಟೆಯಲ್ಲಿ ಈಗಲೂ ಸಣ್ಣಗೆ ಚುರ್ ಅನ್ನುತ್ತಿತ್ತು. ಇಲ್ಲ ಎಂದರೆ ಸುಳ್ಳಾದೀತು. ಆದರೆ ಹಾಗೆ ಅನ್ನಿಸಿದ ದಿನವೇ ಅವನು ಎದ್ದು ಹೋಗಿ, ಎರ್ರಿಸ್ವಾಮಿಯ ಮೇಜಿನ ಮೇಲಿದ್ದ ಕೆಲಸದಲ್ಲಿ ತನಗೆ ಕಂಡದ್ದನ್ನು ಕಂಡ ಹಾಗೆ ಹೇಳಿ ಬರುತ್ತಿದ್ದ.

ನೀತಿ: ಹೊಟ್ಟೆಕಿಚ್ಚು ಯಾರ ಮನಸ್ಸಿಗಾದರೂ ಬಂದೀತು, ಅದನ್ನು ತಡೆಯುವುದು ಕಷ್ಟ. ಆದರೆ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಕಂಡೂ, ಅವರು ಬೀಳಲಿ ಎಂದು ಬಾಯಿ ಮುಚ್ಚಿಕೊಂಡರೆ ಆ ತಪ್ಪು ಅಂದಿನಿಂದ ನಮ್ಮದೂ ಆಗುತ್ತದೆ. ಬೀಳುವವರು ನಾವು ದ್ವೇಷಿಸಿದ ಒಬ್ಬರೇ ಅಲ್ಲ, ನಮಗೆ ಏನೂ ಮಾಡದವರೂ ಅವರ ಜೊತೆ ಬೀಳುತ್ತಾರೆ.