ಅಧ್ಯಕ್ಷರ ಹೆಸರಿಗೆ ತಕ್ಕ ಜಾಗ

ಲಿಲ್ಲಿ ಟೀಚರಿಗೆ ಮಂಡಿನೋವು ಅಂತ ಬಡಗಿ ಮೌನೇಶಾಚಾರಿಗೆ ಹೇಳಿದ್ದು ಆ ಟೀಚರ ತರಗತಿಯಲ್ಲೇ ಓದುವ ಆಚಾರಿಯ ಮಗಳು. ಹಾಗಾಗಿ ಪಾಲಕರೆಲ್ಲ ಸೇರಿ ಟೀಚರಿಗೆ ಏನಾದರೂ ಕೊಡೋಣ ಎಂದಾಗ, ಆಚಾರಿ ಒಳ್ಳೆಯದೊಂದು ಕುರ್ಚಿ ಮಾಡಿಕೊಡಲು ಒಪ್ಪಿದರು.

ಮರುದಿನವೇ ಪಾಲಕರ ಸಂಘದ ಅಧ್ಯಕ್ಷ ವೀರಭದ್ರಪ್ಪನವರು ಬಂದು ನಿಂತರು. "ಕುರ್ಚಿ ಮೇಲೆ ನನ್ನ ಹೆಸರು ಕೆತ್ತಬೇಕು. ಅಕ್ಷರ ದಪ್ಪದಪ್ಪ ಇರಬೇಕು. ಇಲ್ಲದಿದ್ದರೆ ಅದು ಶಾಲೆ ಗೇಟು ದಾಟೋದಿಲ್ಲ!"

"ಆಗಲಿ ಅಧ್ಯಕ್ಷರೇ," ಎಂದರು ಆಚಾರಿ.

ಸಮಾರಂಭದಲ್ಲಿ ಅಧ್ಯಕ್ಷರೇ ಕುರ್ಚಿಯ ಮೇಲಿನ ಬಟ್ಟೆ ಸರಿಸಿದರು. ಅವರ ಹೆಸರು ಕೂರುವ ಹಲಗೆಯ ತುಂಬ ಹರಡಿಕೊಂಡಿತ್ತು.

ಟೀಚರು ಹಿಂದೆ ಸರಿದರು. "ಅಯ್ಯೋ, ಅಧ್ಯಕ್ಷರ ಮೇಲೆ ನಾನು ಹೇಗೆ ಕೂರಲಿ?"

ಮಕ್ಕಳು ಗೊಳ್ಳೆಂದು ನಕ್ಕರು. ಅಧ್ಯಕ್ಷರ ಮುಖ ಕೆಂಪಾಯಿತು. "ಏನ್ರೀ ಆಚಾರ್ರೇ ಇದು?"

"ಕುರ್ಚಿ ಬೆನ್ನು ಬೆತ್ತದ್ದು, ಕೆತ್ತೋಕಾಗಲ್ಲ. ಕೈಗಳು ಸಣ್ಣವು. ನಿಮ್ಮಂಥ ದೊಡ್ಡ ಹೆಸರಿಗೆ ಜಾಗ ಇದ್ದದ್ದು ಇಲ್ಲೊಂದೇ. ಬೇಡ ಅಂದರೆ ಉಜ್ಜಿಬಿಡ್ತೀನಿ. ಮೇಲೆಮೇಲೇ ಕೆತ್ತಿದ್ದೀನಿ, ಉಜ್ಜುಗೊರಡೂ ಚೀಲದಲ್ಲಿದೆ."

"ಉಜ್ರೀ, ಬೇಗ ಉಜ್ರೀ!"

ಕುರ್ಚಿ ಅಲುಗದಿರಲೆಂದು, ಅದರ ಕಾಲು ಹಿಡಿದು ಕೂತವರೂ ಅಧ್ಯಕ್ಷರೇ.